ಅವರೆಗೆ ಬೇಕಿದ್ದ ಕತ್ತಲೆ

ಕಳೆದ ನವೆಂಬರಿನ ಒಂದು ಭಾನುವಾರ ನಾನು ಎರಡು ಕೆಲಸ ಮಾಡಿದೆ. ಬೆಳಗ್ಗೆ, ದೊಡ್ಡನೆಕ್ಕುಂದಿಯ ನಮ್ಮ ಬಾಡಿಗೆ ಮನೆಯ ಟೆರೇಸಿನ ಮೇಲೆ ಪಿವಿಸಿ ಪೈಪು ಬಗ್ಗಿಸಿ, ಮೇಲೆ ಪ್ಲಾಸ್ಟಿಕ್ ಶೀಟು ಹೊದಿಸಿ, ಎಂಟಡಿ ಉದ್ದ ಆರಡಿ ಅಗಲದ ಪುಟ್ಟ ಗ್ರೀನ್‌ಹೌಸ್ ಕಟ್ಟಿದೆ. ಸಂಜೆ, ಊರಿನಲ್ಲಿ ಹತ್ತು ಗುಂಟೆ ಪಾಲಿಹೌಸ್ ಹಾಕ್ತೀನಿ ಅಂತ ಹೊರಟಿದ್ದ ತಮ್ಮನಿಗೆ ಫೋನಿನಲ್ಲಿ ಮುಕ್ಕಾಲು ಗಂಟೆ ಬುದ್ಧಿ ಹೇಳಿ, ಬೇಡ ಅಂದೆ. ಎರಡರ ನಡುವೆ ಏನಾದರೂ ಸಂಬಂಧ ಇದೆ ಅಂತ ನನಗೆ ಹೊಳೆಯಲೇ ಇಲ್ಲ. ನನ್ನ ಹೆಂಡತಿಗೆ ಅವತ್ತೇ ಹೊಳೆದಿತ್ತಂತೆ. ಹೇಳಲಿಲ್ಲ, ಅಷ್ಟೆ.

ಗ್ರೀನ್‌ಹೌಸಿನ ಹುಚ್ಚು ಹಿಡಿದದ್ದು ಇಂಗ್ಲೆಂಡಿನಲ್ಲಿ. 2019ರ ಕೊನೆಗೆ ಪ್ರಾಜೆಕ್ಟ್ ಮೇಲೆ ರೀಡಿಂಗ್‌ ಊರಲ್ಲಿ ಮೂರು ತಿಂಗಳಿದ್ದೆ. ಡಿಸೆಂಬರಿನಲ್ಲಿ ಅಲ್ಲಿ ಹಗಲು ಎಂಟು ಗಂಟೆಯೂ ಇರಲ್ಲ. ಆಫೀಸಿಗೆ ಹೋಗುವಾಗಲೂ ಕತ್ತಲೆ, ಬರುವಾಗಲೂ ಕತ್ತಲೆ. ನಾನಿದ್ದ ಮನೆಯ ಪಕ್ಕದಲ್ಲಿ ಒಬ್ಬ ವಯಸ್ಸಾದವರ ಹಿತ್ತಲಲ್ಲಿ ಗಾಜಿನ ಸಣ್ಣ ಮನೆ ಇತ್ತು. ಹೀಟರ್ ಇಲ್ಲ, ಬಲ್ಬಿಲ್ಲ. ಹೊರಗೆ ಹುಲ್ಲಿನ ಮೇಲೆ ಬಿಳಿ ಹಿಮ, ಒಳಗೆ ಪಾಲಕ್, ಲೆಟ್ಯೂಸು, ಪಾರ್ಸ್ಲಿ, ಎಲೆ ದಪ್ಪ ದಪ್ಪ. ನಾನು ಬೆರಗಾಗಿ, ಈ ಚಳಿಯಲ್ಲಿ ಹೇಗೆ ಬೆಳೀತೀರಿ ಅಂತ ಕೇಳಿದೆ. ಅವರು ನಕ್ಕು, ಇದು ಈಗ ಬೆಳೀತಾನೇ ಇಲ್ಲ, ಸುಮ್ಮನೆ ನಿಂತಿದೆ ಅಂದರು. ಬಿತ್ತಿದ್ದು ಬೇಸಿಗೆಯ ಕೊನೆಗೆ. ನವೆಂಬರ್ ಬರೋ ಹೊತ್ತಿಗೆ ಅದು ಬೆಳೆದು ಮುಗಿದಿರಬೇಕು. ಆಮೇಲೆ ಗಾಜಿನ ಮನೆ ಮಾಡೋದು ಇಷ್ಟೇ: ಗಾಳಿ ತಡೆದು, ಹಿಮ ಬೀಳದ ಹಾಗೆ ನೋಡಿಕೊಂಡು, ಗಿಡವನ್ನು ಸಾಯದಂತೆ ಇಟ್ಟಿರೋದು. ಬೇಕಾದಾಗ ಎರಡು ಎಲೆ ಕಿತ್ಕೊಳ್ಳೋದು. ಜೀವ ಇರೋ ಫ್ರಿಜ್ಜು ಅಂತಿಟ್ಟುಕೊಳ್ಳಿ.

ಅಮೆರಿಕದ ಮೇನ್ ರಾಜ್ಯದಲ್ಲಿ ಬಿಸಿ ಮಾಡದ ಗ್ರೀನ್‌ಹೌಸುಗಳಲ್ಲಿ ಚಳಿಗಾಲವಿಡೀ ಸೊಪ್ಪು ಕೊಯ್ಯುವ ಎಲಿಯಟ್ ಕೋಲ್‌ಮನ್ ಎಂಬ ರೈತನ ಪುಸ್ತಕವನ್ನು ಆಮೇಲೆ ಓದಿದೆ. ಅವನು ಹೇಳೋದೂ ಇದನ್ನೇ. ಹಗಲು ಹತ್ತು ಗಂಟೆಗಿಂತ ಕಡಿಮೆಯಾದರೆ ಹೆಚ್ಚಿನ ಗಿಡಗಳ ಬೆಳವಣಿಗೆ ನಿಂತಷ್ಟೇ ನಿಧಾನವಾಗುತ್ತದೆ. ಹಾಗಾಗಿ ಚಳಿಗಾಲದ ತೋಟಗಾರ ಥರ್ಮಾಮೀಟರ್ ನೋಡೋದಕ್ಕಿಂತ ಮೊದಲು ಕ್ಯಾಲೆಂಡರ್ ನೋಡಬೇಕು.

ಈ ಲೆಕ್ಕ ಹಿಡಿದು ನೋಡಿದರೆ ಬೆಂಗಳೂರಿನಲ್ಲಿ ಗ್ರೀನ್‌ಹೌಸ್ ಯಾಕೆ ಬೇಕು? ನಮ್ಮಲ್ಲಿ ವರ್ಷದ ಅತಿ ಸಣ್ಣ ಹಗಲೂ ಹನ್ನೊಂದು ಗಂಟೆ ಇಪ್ಪತ್ತು ನಿಮಿಷದ ಆಸುಪಾಸು. ಈ ಊರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ; ಅದೂ 1884ರ ಜನವರಿಯಲ್ಲಿ. ಮಾಮೂಲಿ ಚಳಿಗಾಲದ ರಾತ್ರಿ 15-16 ಡಿಗ್ರಿ ಇದ್ದರೆ ನಾವು ಮಂಕಿ ಕ್ಯಾಪ್ ಹುಡುಕ್ತೀವಿ, ಗಿಡಗಳು ಏನೂ ಅಂದುಕೊಳ್ಳಲ್ಲ. ಲಾಲ್‌ಬಾಗಿನಲ್ಲಿ 1889ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಮಾದರಿಯಲ್ಲಿ ಗಾಜಿನ ಮನೆಗೆ ಅಡಿಗಲ್ಲು ಹಾಕಿದರಲ್ಲ, ಅದು ನಮಗೆ ಗೊತ್ತಿರೋದು ಫಲಪುಷ್ಪ ಪ್ರದರ್ಶನಕ್ಕೆ, ಚಳಿಯಿಂದ ಗಿಡ ಕಾಯೋದಕ್ಕಲ್ಲ. 1809ರಲ್ಲಿ ಕಂಟೋನ್ಮೆಂಟ್ ಬಂದ ಮೇಲೆ ಬಿಳಿಯರ ಊಟದ ಮೇಜಿಗೆ ಬೇಕಾದ ಕೋಸು, ಕ್ಯಾರೆಟ್ಟು, ಬೀಟ್‌ರೂಟು ಎಲ್ಲ ಇಲ್ಲೇ ಸುತ್ತಮುತ್ತ ಬಯಲಲ್ಲೇ ಬೆಳೆದವು. ಇಷ್ಟೆಲ್ಲ ಗೊತ್ತಿದ್ದೂ ನಾನು ಕಟ್ಟಿದೆ. ಯಾಕೆ ಅಂತ ಕೇಳಿದರೆ, ಟೆರೇಸಿನ ಗಾಳಿ, ಪಾರಿವಾಳ, ಧೂಳು ಅಂತ ಕಾರಣ ಕೊಟ್ಟೇನು. ನಿಜ ಹೇಳಬೇಕೆಂದರೆ, ಆಫೀಸಿನಲ್ಲಿ ದಿನವಿಡೀ ಕಣ್ಣಿಗೆ ಕಾಣದ ವಸ್ತು ಮಾಡ್ತೀನಿ, ಸಂಜೆ ಕೈಗೆ ಸಿಗೋದೇನಾದರೂ ಬೇಕಿತ್ತು.

ಮನೆ ಓನರ್ ಅವರ ತಾಯಿ, ಎಂಬತ್ತರ ಅಜ್ಜಿ, ಮೆಟ್ಟಿಲು ಹತ್ತಿ ಬಂದು ನೋಡಿದರು. ಈ ಬಿಲ್ಡಿಂಗು ಇರೋ ಜಾಗವೇ ಅವರ ರಾಗಿ ಹೊಲವಾಗಿತ್ತಂತೆ. ನಮ್ಮಂಥ ಬಾಡಿಗೆಯವರೆಲ್ಲ ಕೇಳೋ ಪ್ರಶ್ನೆಯನ್ನೇ ನಾನೂ ಕೇಳಿದೆ: "ಅಜ್ಜಿ, ಅಷ್ಟು ಒಳ್ಳೇ ಹೊಲಾನ ಹೀಗೆ ಮಾಡಿಬಿಟ್ರಲ್ಲ, ಬೇಜಾರಾಗಲಿಲ್ವಾ?" ಅಜ್ಜಿ ನನ್ನನ್ನೇ ನೋಡಿ, "ಇಟ್ಕೊಂಡಿದ್ರೆ ನೀನೆಲ್ಲಿರ್ತಿದ್ದಪ್ಪಾ?" ಅಂದರು.

ಸರಿ, ಒಳಗೆ ಕೊತ್ತಂಬರಿ, ಮೆಂತ್ಯ, ಪಾಲಕ್, ಪುದೀನ, ಸ್ವಲ್ಪ ತುಳಸಿ ಜಾತಿಯ ಬೇಸಿಲ್. ಅಂಚಿನಲ್ಲಿ ಆರು ಗ್ರೋ ಬ್ಯಾಗುಗಳಲ್ಲಿ ಅವರೆ. ಅವರೆಯನ್ನು ಆಗಸ್ಟಿನಲ್ಲೇ ಬಿತ್ತಿದ್ದೆ. ಬೀಜ ಅಮ್ಮ ಕೊಟ್ಟಿದ್ದು, ಬೂದಿ ಬೆರೆಸಿ ಡಬ್ಬಿಯಲ್ಲಿಟ್ಟಿದ್ದ ನಾಟಿ ಬೀಜ. ನವೆಂಬರಿನಲ್ಲಿ ಶೀಟು ಹೊದಿಸುವಾಗ ಅವೂ ಒಳಗೆ ಸೇರಿಕೊಂಡವು, ಪೈಪಿಗೆ ದಾರ ಕಟ್ಟಿ ಹಬ್ಬಿಸಿದೆ.

ಮೊದಲ ಎರಡು ವಾರದಲ್ಲೇ ಪಾಠ ಶುರು. ಮಧ್ಯಾಹ್ನ ಒಳಗೆ 39 ಡಿಗ್ರಿ. ರಾತ್ರಿ ಮುಚ್ಚಿಟ್ಟರೆ ಗಿಡ ಬಿಟ್ಟ ಆವಿಯೆಲ್ಲ ಶೀಟಿನ ಒಳಮೈಗೆ ಅಂಟಿ, ಬೆಳಗಿನ ಜಾವ ಹನಿಹನಿಯಾಗಿ ಗಿಡದ ಮೇಲೇ ಬೀಳುತ್ತೆ. ಮೆಂತ್ಯದ ಸಸಿಗಳು ಬುಡ ಕೊಳೆತು ಒಂದು ಪಾತಿಗೆ ಪಾತಿಯೇ ಮಲಗಿತು. ಪಾಲಕ್ ಎಲೆ ಮೇಲೆ ಚುಕ್ಕೆ. ಇಂಗ್ಲೆಂಡಿನಲ್ಲಿ ಶತ್ರು ಚಳಿ, ನಮ್ಮಲ್ಲಿ ತೇವ. ಅಲ್ಲಿ ಮುಚ್ಚೋದು ಕಲೀಬೇಕು, ಇಲ್ಲಿ ತೆಗೆಯೋದು. ಬೆಳಗ್ಗೆ ಏಳಕ್ಕೆ ಎರಡೂ ಪಕ್ಕದ ಪರದೆ ಸುತ್ತಿ ಮೇಲೆ ಕಟ್ಟಬೇಕು, ಸಂಜೆ ನೀರು ಹಾಕಲೇಬಾರದು, ಹಾಕೋದಾದರೆ ಬೆಳಗ್ಗೆ ಬುಡಕ್ಕೆ ಮಾತ್ರ. ಇದು ಕಲಿತ ಮೇಲೆ ಸೊಪ್ಪು ಚೆನ್ನಾಗಿಯೇ ಬಂತು. ಪುದೀನ ಅಂತೂ ಕೇಳಬೇಡಿ. ಆಫೀಸಿನ ಗ್ರೂಪಿನಲ್ಲಿ ಫೋಟೋ ಹಾಕಿದೆ, ಹೃದಯಗಳು ಬಂದವು.

ಇನ್ನು ತಮ್ಮನ ಕತೆ.

ನಮ್ಮೂರು ಮಾಲೂರು ತಾಲ್ಲೂಕಿನಲ್ಲಿ. ಮೂರೂವರೆ ಎಕರೆ. ಹೆಚ್ಚಿನದು ಟೊಮೊಟೊ, ಬೀನ್ಸು. ಬೋರ್‌ವೆಲ್ ಪಕ್ಕದ ಹತ್ತು ಗುಂಟೆ ಮಾತ್ರ ಮನೆಗೆ ಅಂತ ಬಿಟ್ಟು, ಅಪ್ಪ ಇವತ್ತಿಗೂ ಅಲ್ಲಿ ರಾಗಿ ಹಾಕಿ ನಡುನಡುವೆ ಅಕ್ಕಡಿ ಸಾಲಿನಲ್ಲಿ ಅವರೆ ಬಿತ್ತುತ್ತಿದ್ದ. ಡಿಸೆಂಬರಿಗೆ ರಾಗಿ ಕೊಯ್ದ ಮೇಲೆ ಕೂಳೆಯ ನಡುವೆ ಅವರೆ ಬಳ್ಳಿ ಮಾತ್ರ ಹೂ ಹೊತ್ತು ನಿಂತಿರುತ್ತೆ. ಬೆಳಗ್ಗೆ ಇಬ್ಬನಿಯಲ್ಲಿ ಕಾಯಿ ಬಿಡಿಸಿದರೆ ಕೈಗೆ ಎಣ್ಣೆಯಂಥ ಜಿಡ್ಡು ಅಂಟಿ, ಸೋಪು ಹಾಕಿ ತೊಳೆದರೂ ಸಂಜೆತನಕ ಆ ಸೊಗಡು ಹೋಗಲ್ಲ. ಜನವರಿಯಲ್ಲಿ ಒಂದು ಮೂಟೆ ದೊಡ್ಡನೆಕ್ಕುಂದಿಗೆ ಬರುತ್ತೆ. ನಾವು ಟಿವಿ ಮುಂದೆ ಕೂತು ಬಿಡಿಸ್ತೀವಿ, ನೆನೆಹಾಕಿ ಹಿದುಕ್ತೀವಿ. ಹಿದುಕಿದ ಬೇಳೆ ಸಾರಿನ ಫೋಟೋ ಸ್ಟೇಟಸ್ಸಿಗೆ ಹೋಗುತ್ತೆ, "ನಮ್ಮ ಹೊಲದ್ದು" ಅಂತ.

ತಮ್ಮನಿಗೆ ಪಾಲಿಹೌಸಿಗೆ ಬೇಕಿದ್ದದ್ದು ಆ ಹತ್ತು ಗುಂಟೆಯೇ. ಸಾವಿರ ಚದರ ಮೀಟರಿನಷ್ಟು ಜಾಗ, ಕಬ್ಬಿಣದ ಪೈಪಿನ ಚೌಕಟ್ಟು, 200 ಮೈಕ್ರಾನಿನ ಶೀಟು, ಡ್ರಿಪ್ಪು, ಕೆಂಪು-ಹಳದಿ ದೊಣ್ಣೆ ಮೆಣಸಿನಕಾಯಿ. ಅಂದಾಜು ಹನ್ನೆರಡು ಲಕ್ಷ. ಅರ್ಧ ಸಬ್ಸಿಡಿ, ಆದರೆ ಮೊದಲು ಕಟ್ಟಬೇಕು, ಆಮೇಲೆ ಬರುತ್ತೆ. ಹಾಗಾಗಿ ಸಾಲ. ಸಾಲಕ್ಕೆ ಸಂಬಳದ ಚೀಟಿ ಇರೋ ಒಬ್ಬರ ಜಾಮೀನು. ಆ ಒಬ್ಬರು ನಾನು.

ಫೋನಿನಲ್ಲಿ ನಾನು ಹೇಳಿದ ಮಾತುಗಳು ಒಂದೂ ಸುಳ್ಳಲ್ಲ. ಆ ಶೀಟು ಮೂರ್ನಾಲ್ಕು ವರ್ಷಕ್ಕೆ ಮಬ್ಬಾಗಿ ಹರಿಯುತ್ತೆ, ಆ ರಾಶಿ ಪ್ಲಾಸ್ಟಿಕ್ ಎಲ್ಲಿಗೆ ಹಾಕ್ತೀಯ? ಆಲಿಕಲ್ಲು ಬಿದ್ದರೆ? ಒಳಗೆ ನುಸಿ, ಥ್ರಿಪ್ಸು ಬಂದರೆ ಹೊರಗಿನ ಹೊಲಕ್ಕಿಂತ ಬೇಗ ಹರಡುತ್ತೆ, ಔಷಧಿ ಹೊಡೀತಾನೇ ಇರಬೇಕು. ಮದುವೆ, ಹೋಟೆಲು ಸೀಸನ್ ತಪ್ಪಿದರೆ ಬಣ್ಣದ ಮೆಣಸಿನಕಾಯಿ ರೇಟು ಯಾರು ಕೇಳ್ತಾರೆ? ಅವನು ಹೂಂ, ಹೂಂ ಅಂದ. ಕೊನೆಗೆ, "ಅಣ್ಣ, ಇವೆಲ್ಲ ಟೊಮೊಟೊಗೆ ಇಲ್ವಾ?" ಅಂದ. ಅದು ಬೇರೆ ವಿಷಯ ಅಂದು ಫೋನಿಟ್ಟೆ.

ಬೇರೆ ವಿಷಯ ಏನಲ್ಲ. ಕೋಲಾರದ ಟೊಮೊಟೊ ಮಾರುಕಟ್ಟೆ ಗೊತ್ತಿರೋರಿಗೆ ಗೊತ್ತು, ಒಂದು ವಾರ ಬಂಗಾರ, ಮರುವಾರ ರಸ್ತೆಗೆ ಸುರಿಯೋ ಕಸ. ನಾನು ಪಿಯುಸಿ ಮುಗಿಸಿದ ವರ್ಷ ನಮ್ಮ ಪುಣ್ಯಕ್ಕೆ ಬಂಗಾರವಾಗಿತ್ತು. ನನ್ನ ಬಿಇ ಮೊದಲ ವರ್ಷದ ಫೀಸು, ಹಾಸ್ಟೆಲ್ಲು, ಒಂದು ಹಳೇ ಕಂಪ್ಯೂಟರು ಎಲ್ಲ ಆ ಒಂದೂವರೆ ಎಕರೆಯಿಂದ ಬಂತು. ಅದಕ್ಕೂ ಮುಂಚೆ ಆ ಒಂದೂವರೆ ಎಕರೆಯೂ ರಾಗಿ-ಅವರೆಯೇ ಆಗಿತ್ತು. ತಾತ ಬೇಡ ಬೇಡ ಅಂತ ಜಗಳ ಆಡಿದ್ದನಂತೆ. ಬೋರು ಕೊರೆಸಬೇಡ, ಸಾಲ ಮಾಡಬೇಡ, ಔಷಧಿ ಹೊಡೆದ ನೆಲ ಕೆಡುತ್ತೆ ಅಂತ. ಅಪ್ಪ ಕೇಳಲಿಲ್ಲ. ತಾತ ಹೇಳಿದ್ದೂ ಸುಳ್ಳಲ್ಲ, ಆಮೇಲೆ ಬೋರು ಎರಡು ಸಲ ಬತ್ತಿತು. ಆದರೆ ತಾತನ ಮಾತು ನಡೆದಿದ್ದರೆ ನಾನು ಇವತ್ತು ಈ ಟೆರೇಸಿನ ಮೇಲೆ ಬೇಸಿಲ್ ಬೆಳೀತಿರಲಿಲ್ಲ. ಸೊಗಡು ಅವರೆಯಿಂದ ಯಾರೂ ಎಂಜಿನಿಯರ್ ಆಗಿಲ್ಲ, ಕನಿಷ್ಠ ನಮ್ಮನೇಲಿ ಆಗಿಲ್ಲ. ಇದು ನನಗೆ ಗೊತ್ತಿರದ ವಿಷಯವಲ್ಲ. ಆದರೂ ಜಾಮೀನು ಕೇಳಿದಾಗ ನೆನಪಾಗಲಿಲ್ಲ.

ಡಿಸೆಂಬರ್ ಎರಡನೇ ವಾರ ಅವನೇ ಬಂದ, ಪ್ಲಾಸ್ಟಿಕ್ ಕವರಿನಲ್ಲಿ ಬ್ಯಾಂಕಿನ ಕಾಗದ, ಒಂದು ಕೈಚೀಲದಲ್ಲಿ ಹುರಳಿಕಾಯಿ. ಮಾಲೂರಿನಿಂದ ವೈಟ್‌ಫೀಲ್ಡಿಗೆ ರೈಲು, ಅಲ್ಲಿಂದ ಮೆಟ್ರೋದಲ್ಲಿ ಕುಂದಲಹಳ್ಳಿಗೆ. ಕಾಗದದ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಊಟ ಆದ ಮೇಲೆ ಟೆರೇಸಿಗೆ ಕರ್ಕೊಂಡು ಹೋದೆ. ಸ್ವಲ್ಪ ಜಂಬವೂ ಇತ್ತು ಅನ್ನಿ.

ಅವನು ಪರದೆ ಸುತ್ತಿರೋದು ನೋಡಿದ, ಶೀಟು ಎಳೆದು ನೋಡಿದ, "ಇದು ಯುವಿ ಶೀಟೇ" ಅಂದ. ಪಾಲಿಹೌಸ್ ಬೇಡ ಅಂದವನ ಟೆರೇಸಿನಲ್ಲಿ ಪಾಲಿಹೌಸಿನ ಶೀಟು. ಇನ್ನೇನೂ ಅನ್ನಲಿಲ್ಲ, ಅಂದಿದ್ದರೆ ಸಲೀಸಾಗಿರುತ್ತಿತ್ತು.

ನಾನು ಮಾತು ಬದಲಿಸೋಕೆ ಅವರೆ ತೋರಿಸಿದೆ. ಆರು ಬ್ಯಾಗುಗಳಲ್ಲಿ ಮೂರು ನೀರಿನ ಟ್ಯಾಂಕಿನ ಮಗ್ಗುಲಲ್ಲಿದ್ದವು, ಅವು ನವೆಂಬರಿನಲ್ಲೇ ಹೂ ಬಿಟ್ಟು ಈಗ ಎಳೆಕಾಯಿ ಕಚ್ಚಿದ್ದವು. ಈ ಕಡೆಯ ಮೂರು ಬಳ್ಳಿ ಪೈಪಿನ ತುದಿ ದಾಟಿ ಹಬ್ಬಿವೆ, ಎಲೆ ಅಂಗೈಯಗಲ, ಒಂದು ಹೂವಿಲ್ಲ. ಗೊಬ್ಬರ ಜಾಸ್ತಿಯಾಯ್ತಾ, ಬೀಜ ಬೆರಕೆಯಾಯ್ತಾ, ಇಬ್ಬನಿ ಬೀಳದೆ ಹೀಗಾಯ್ತಾ ಅಂತ ಒಂದು ತಿಂಗಳಿಂದ ತಲೆ ಕೆಡಿಸಿಕೊಂಡಿದ್ದೆ. ಇಬ್ಬನಿ ಬಿದ್ದರೇನೇ ಅವರೆ ಅಂತ ಅಮ್ಮ ಹೇಳ್ತಾಳಲ್ಲ.

ತಮ್ಮ ಗಿಡ ನೋಡಲೇ ಇಲ್ಲ. ಪಕ್ಕದ ಅಪಾರ್ಟ್‌ಮೆಂಟಿನ ಗೋಡೆ ನೋಡಿದ. ಅಲ್ಲೊಂದು ದೊಡ್ಡ ಎಲ್‌ಇಡಿ ಫ್ಲಡ್‌ಲೈಟು.

"ಇದು ರಾತ್ರಿಯೆಲ್ಲ ಉರೀತದಾ?"

"ಹೂಂ, ಸೆಕ್ಯೂರಿಟಿಗೆ."

"ಮತ್ತೆ ಹೂ ಎಲ್ಲಿಂದ ಬರ್ತದೆ ಅಣ್ಣ? ಇವಕ್ಕೆ ರಾತ್ರೀನೇ ಆಗಿಲ್ಲ. ಇನ್ನೂ ಆಷಾಢ ಅನ್ಕೊಂಡು ಕೂತವೆ."

ನಾಟಿ ಅವರೆ ಹೂ ಬಿಡೋದು ರಾತ್ರಿ ಉದ್ದವಾದ ಮೇಲೆ. ಅದಕ್ಕೆ ಬೇಕಾದದ್ದು ಚಳಿಗಾಲದ ಚಳಿಯಲ್ಲ, ಚಳಿಗಾಲದ ಕತ್ತಲೆ, ಅದೂ ನಡುವೆ ಮುರಿಯದ ಕತ್ತಲೆ. ನಮ್ಮ ಅಕ್ಷಾಂಶದಲ್ಲಿ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಒಂದೂವರೆ ಗಂಟೆ ವ್ಯತ್ಯಾಸ, ನಾನು ಗಮನಿಸೋದೂ ಇಲ್ಲ. ಬಳ್ಳಿ ಗಮನಿಸುತ್ತೆ. ಟ್ಯಾಂಕಿನ ನೆರಳಲ್ಲಿದ್ದ ಮೂರಕ್ಕೆ ಚಳಿಗಾಲ ಬಂದಿತ್ತು. ನಾಲ್ಕಡಿ ಈಚೆಗಿದ್ದ ಮೂರಕ್ಕೆ ಬಂದೇ ಇರಲಿಲ್ಲ. ನನ್ನ ಶೀಟು ಗಾಳಿ ತಡೆದಿತ್ತು, ಇಬ್ಬನಿ ತಡೆದಿತ್ತು, ಬೆಳಕನ್ನು ತಡೆದಿರಲಿಲ್ಲ.

ಇದೆಲ್ಲ ನಿನಗೆ ಹೇಗೆ ಗೊತ್ತು ಅಂದೆ. ಅವನಿಗೆ ಪ್ರಶ್ನೆಯೇ ವಿಚಿತ್ರ ಅನಿಸಿತು. "ಸೇವಂತಿಗೆ ತೋಟಕ್ಕೆ ರಾತ್ರಿ ಬಲ್ಬ್ ಕಟ್ಟೋದು ಮತ್ಯಾಕೆ?"

ನೀವೂ ನೋಡಿರ್ತೀರಿ. ಕೋಲಾರ, ಚಿಕ್ಕಬಳ್ಳಾಪುರ, ಹೊಸೂರು ಕಡೆ ರಾತ್ರಿ ಹೋಗುವಾಗ ಹೊಲದ ತುಂಬ ಸಾಲು ಸಾಲು ಬಲ್ಬುಗಳು, ಯಾರದೋ ಮದುವೆಯ ಹಾಗೆ. ನಾನೂ ಕಾರಿನಿಂದ ಎಷ್ಟೋ ಸಲ ನೋಡಿ, ಚೆನ್ನಾಗಿದೆ ಅಂತ ವಿಡಿಯೋ ಮಾಡಿದ್ದೇನೆ. ಸೇವಂತಿಗೆಯೂ ಅವರೆಯ ಥರವೇ, ರಾತ್ರಿ ಉದ್ದವಾದರೆ ಮೊಗ್ಗು ಕಟ್ಟುತ್ತೆ. ಬಲ್ಬು ಹಾಕಿ ಅದನ್ನು ಏಮಾರಿಸಿದರೆ ಗಿಡ ಎತ್ತರ ಬೆಳೀತಾ ಹೋಗುತ್ತೆ. ಬೇಕಾದಾಗ ಬಲ್ಬು ಆರಿಸಿದರೆ ಹಬ್ಬದ ರೇಟಿಗೆ ಸರಿಯಾಗಿ ಹೂವು. ನಮ್ಮೂರಿನಲ್ಲೂ ಇಬ್ಬರು ಮಾಡ್ತಾರಂತೆ. ನನ್ನ ತಲೆಯಲ್ಲಿದ್ದ ಊರಿನ ಡಿಸೆಂಬರಿನಲ್ಲಿ ಕತ್ತಲೆ, ಇಬ್ಬನಿ, ಅವರೆ ಇದ್ದವು. ನಿಜವಾದ ಊರಿನ ಡಿಸೆಂಬರಿನಲ್ಲಿ ಬಲ್ಬುಗಳಿದ್ದವು. ಕೆರೆಗಳ ಕತೆಯೂ ಅಷ್ಟೇ. 2018ರಲ್ಲಿ ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಕೆ.ಸಿ. ವ್ಯಾಲಿ ನೀರು ಬಂದಾಗಿನಿಂದ ಆ ಜಿಲ್ಲೆಯ ಕೆರೆಗಳಲ್ಲಿ ನಿಲ್ಲುತ್ತಿರೋದು ಬೆಂಗಳೂರಿನ ನಾವು ಸ್ನಾನ ಮಾಡಿ, ಪಾತ್ರೆ ತೊಳೆದು ಬಿಟ್ಟ ನೀರು, ಶುದ್ಧ ಮಾಡಿ ಪಂಪು ಮಾಡಿದ್ದು. ಕೆರೆ ತುಂಬಿದೆ ಅಂತ ಫೋಟೋ ಬಂದಾಗ ಹಳೇ ಕೆರೆಯೇ ವಾಪಸ್ ಬಂತು ಅಂತ ಖುಷಿಪಟ್ಟವನು ನಾನು.

ಆ ರಾತ್ರಿ ಅವನು ಮಲಗಿದ ಮೇಲೆ ನಾನು ಒಂದು ಉಪಾಯ ಯೋಚಿಸಿದೆ. ನಾವು ಸಾಫ್ಟ್‌ವೇರ್‌ನವರು, ಸಮಸ್ಯೆ ಕಂಡರೆ ಸೊಲ್ಯೂಷನ್ ಇರಲೇಬೇಕು. ಹತ್ತು ಗುಂಟೆ ರಾಗಿ-ಅವರೆ ಉಳೀಬೇಕು ಅನ್ನೋದು ನನ್ನ ಆಸೆ. ಆಸೆಯ ಖರ್ಚು ನಾನೇ ಕೊಡೋದು ನ್ಯಾಯ ತಾನೇ? ಪಾಲಿಹೌಸಿನಿಂದ ವರ್ಷಕ್ಕೆ ಎಷ್ಟು ಉಳಿಯಬಹುದು ಅಂತ ಅವನೇ ಲೆಕ್ಕ ಹಾಕಿದ್ದ. ಅದನ್ನು ಹನ್ನೆರಡರಿಂದ ಭಾಗಿಸಿದರೆ ನನ್ನ ಸಂಬಳದಲ್ಲಿ ಆಗದ ಮಾತೇನಲ್ಲ. ಸಾಲವೂ ಇಲ್ಲ, ಪ್ಲಾಸ್ಟಿಕ್ಕೂ ಇಲ್ಲ. ಬೆಳಗ್ಗೆ ಕಾಫಿ ಕುಡಿಯುವಾಗ ಹೇಳಿದೆ. ಎಷ್ಟು ಉದಾರವಾದ ಮಾತು ಅಂತ ನನಗೇ ಅನ್ನಿಸ್ತಿತ್ತು.

ಅವನಿಗೆ ಸಿಟ್ಟು ಬರೋದು ಕಡಿಮೆ. ಅವತ್ತು ಬಂತು. "ನೀನು ತಿಂಗಳಿಗಿಷ್ಟು ಕಳ್ಸಿ, ನಾನು ಅವರೆ ಬೆಳೆದರೆ, ನಾನು ರೈತನಾ ಇಲ್ಲ ನಿನ್ನ ವಾಚ್‌ಮ್ಯಾನಾ?"

ಈ ಪ್ರಶ್ನೆಗೆ ಉತ್ತರ ಹುಡುಕ್ತಾ ಹಲವು ತಿಂಗಳಾಯಿತು. ಖರ್ಚು ಹೊರದವನು ಮಾತಾಡಬಾರದು ಅನ್ನೋದು ಸುಲಭದ ಉತ್ತರ, ಅದು ಪೂರ್ತಿ ಸರಿಯಲ್ಲ. ಅಂತರ್ಜಲ ಅವನೊಬ್ಬನದಲ್ಲ. ಹರಿದ ಶೀಟನ್ನು ಹೊಲದ ಮೂಲೆಯಲ್ಲಿ ಸುಟ್ಟರೆ ಆ ಹೊಗೆ ಊರಿಗೆಲ್ಲ. ಅದರ ಬಗ್ಗೆ ನಾನು ಮಾತಾಡಬಹುದು, ನೀವೂ ಮಾತಾಡಬಹುದು, ಊರಲ್ಲಿ ಹುಟ್ಟಿರಬೇಕಂತೇನಿಲ್ಲ. ಆದರೆ ನಾನು ಅವತ್ತು ಪ್ಲಾಸ್ಟಿಕ್ಕಿನ ಬಗ್ಗೆ ಮಾತಾಡ್ತಿರಲಿಲ್ಲ. ಪ್ಲಾಸ್ಟಿಕ್ಕಿನ ಬಗ್ಗೆ ಅಷ್ಟು ಕಾಳಜಿ ಇದ್ದಿದ್ದರೆ ಅದೇ ಬೆಳಗ್ಗೆ ಆ ಶೀಟು ಕೊಳ್ತಿದ್ದೆನಾ? ನಾನು ಕೇಳ್ತಿದ್ದದ್ದು, ನಾನು ಬಿಟ್ಟುಬಂದ ದಿನ ಊರು ಹೇಗಿತ್ತೋ ಹಾಗೇ ಇರಲಿ, ವರ್ಷಕ್ಕೆ ಎರಡು ಸಲ ಬಂದು ನೋಡ್ತೀನಿ ಅಂತ. ಅದನ್ನು ಬಾಯಿಬಿಟ್ಟು ಕೇಳೋಕೆ ನಾಚಿಕೆಯಾಗಿ, ನುಸಿ, ರೇಟು, ಆಲಿಕಲ್ಲು ಅಂತ ಸರಿಯಾದ ಮಾತುಗಳನ್ನೇ ಅದರ ಮೇಲೆ ಹೊದಿಸಿದ್ದೆ. ಮಾತು ಸರಿಯಿದ್ದಾಗ ಇನ್ನೂ ಕಷ್ಟ. ಸುಳ್ಳು ವಾದವಾದರೆ ಯಾರಾದರೂ ಮುರೀತಾರೆ, ನಿಜವಾದ ವಾದದ ಹಿಂದೆ ಅಡಗಿಕೊಂಡವನನ್ನು ಹೊರಗೆಳೆಯೋದು ಹೇಗೆ?

ಅವನಿಗೆ ದುಡ್ಡು ಕೊಡ್ತೀನಿ ಅಂದದ್ದೂ ಅದರದೇ ಮುಂದುವರಿಕೆ. ಬೆಲೆ ಕೊಟ್ಟರೆ ಹಕ್ಕು ಬರುತ್ತೆ ಅಂದುಕೊಂಡಿದ್ದೆ. ನಾನು ಊರು ಬಿಡುವಾಗ ನನ್ನ ಬದುಕು ಹೇಗಿರಬೇಕು ಅಂತ ನಾನೇ ಆರಿಸಿಕೊಂಡೆ, ಅದಕ್ಕೆ ಯಾರಿಂದಲೂ ತಿಂಗಳ ಹಣ ತಗೊಂಡು ಒಪ್ಪಿಕೊಳ್ಳಲಿಲ್ಲ. ಉಳಿದವನಿಗೂ ಆರಿಸಿಕೊಳ್ಳೋದು ಬೇಕು. ತಪ್ಪಾಗಿ ಆರಿಸೋದೂ ಸೇರಿದಂತೆ. ಈ ಪಾಲಿಹೌಸ್ ತಪ್ಪು ನಿರ್ಧಾರವೇ ಇರಬಹುದು. ಇವತ್ತಿಗೂ ನನಗೆ ಆ ಭಯ ಇದೆ.

ಇನ್ನೊಂದು ವಿಷಯ. ಅವರೆಯ ಮೇಲೆ ನನಗಿರೋ ಈ ಪ್ರೀತಿಯನ್ನು ನಾನು ಸಂಪ್ರದಾಯ ಅಂದುಕೊಂಡಿದ್ದೆ. ಜಿಕೆವಿಕೆಯವರು ಹೆಬ್ಬಾಳ ಅವರೆ ತಳಿಗಳನ್ನು ತಂದದ್ದು, ಹೆಸರಘಟ್ಟದ ತೋಟಗಾರಿಕೆ ಸಂಸ್ಥೆಯವರು ಅರ್ಕಾ ಜಯ್, ಅರ್ಕಾ ವಿಜಯ್ ತಂದದ್ದು ಇದಕ್ಕೇ: ರಾತ್ರಿ ಎಷ್ಟುದ್ದವಾದರೂ ಇರಲಿ, ಬಿತ್ತಿದ ಇಷ್ಟು ದಿನಕ್ಕೆ ಕಾಯಿ ಬಿಡುವ ಗಿಡ್ಡ ಗಿಡ, ರೈತ ವರ್ಷದಲ್ಲಿ ಯಾವಾಗ ಬೇಕಾದರೂ ಬೆಳೆಯಬಹುದು. ಏಪ್ರಿಲಿನಲ್ಲಿ ಅವರೆಕಾಯಿ ಕಂಡರೆ ನಾವು ಪೇಟೆಯವರು ಮೂಗು ಮುರೀತೀವಿ, ಸೊಗಡಿಲ್ಲ, ಸಪ್ಪೆ ಅಂತ. ಸಪ್ಪೆ ಹೌದು. ಆದರೆ ಏಪ್ರಿಲಿನಲ್ಲೂ ಕೈಗೆ ಕಾಸು ಬೇಕಾದವರು ಇದ್ದಾರೆ ಅನ್ನೋದು ಆ ಮೂಗಿಗೆ ಗೊತ್ತಾಗಲ್ಲ. ನಮಗೆ ಪ್ರತಿ ತಿಂಗಳ ಕೊನೆ ದಿನ ಸಂಬಳ ಬರುತ್ತೆ, ಋತು ನೋಡಿಕೊಂಡಲ್ಲ.

ಆ ಬಾರಿ ತಮ್ಮ ಕಾಗದ ನಮ್ಮನೆಯಲ್ಲೇ ಬಿಟ್ಟು ಹೋದ. ಹೋಗುವಾಗ ಒಂದೇ ಮಾತು, "ಆ ಮೂರಕ್ಕೆ ಸಂಜೆ ಗೋಣಿಚೀಲ ಮುಚ್ಚು." ಮುಚ್ಚಿದೆ. ಸಂಜೆ ಆರಕ್ಕೆ ಮುಚ್ಚಬೇಕು, ಬೆಳಗ್ಗೆ ಏಳಕ್ಕೆ ತೆಗೀಬೇಕು, ದಿನಾ, ಒಂದು ದಿನವೂ ತಪ್ಪುವ ಹಾಗಿಲ್ಲ. ಆರು ಗಂಟೆಗೆ ನನಗೆ ಅಮೆರಿಕದವರ ಜೊತೆ ಕಾಲ್ ಇರುತ್ತೆ. ಹೆಡ್‌ಫೋನ್ ಹಾಕಿಕೊಂಡು, ಮ್ಯೂಟ್ ಮಾಡಿಕೊಂಡು, ಟೆರೇಸಿನಲ್ಲಿ ಗೋಣಿ ಕಟ್ತಿದ್ದೆ. ಅಜ್ಜಿ ಕೆಳಗಿನಿಂದ ನೋಡಿ, "ಗಿಡಕ್ಕೆ ಚಳೀನೇನಪ್ಪಾ?" ಅಂದರು. ಕತ್ತಲೆ ಬೇಕಂತೆ ಅಂದೆ. ಅವರು ನಂಬಲಿಲ್ಲ.

ಜನವರಿ ಕೊನೆಗೆ ಹೂ ಬಂತು, ಬಿಳಿ ಹೂ, ಫೆಬ್ರುವರಿಯಲ್ಲಿ ಕಾಯಿ. ಬಿಡಿಸಿದರೆ ಎರಡು ಹಿಡಿ ಕಾಳು. ಮೂಸಿ ನೋಡಿದೆ. ಸೊಗಡು ಇತ್ತು, ಶೀಟಿನಡಿ, ಒಂದು ಹನಿ ಇಬ್ಬನಿ ಬೀಳದೆ. ಅಮ್ಮನಿಗೆ ಹೇಳಿದೆ, ನಿನ್ನ ಮೂಗಿಗೆ ಏನು ಗೊತ್ತು ಅಂದಳು. ಪೈಪು, ಶೀಟು, ಬ್ಯಾಗು, ಮಣ್ಣು ಎಲ್ಲ ಸೇರಿ ನಾಲ್ಕೂವರೆ ಸಾವಿರ ಖರ್ಚಾಗಿತ್ತು. ಬೆಳೆ ಹೋಗಿದ್ದರೂ ಒಂದು ಫೋಟೋ ಹಾಕಿ, ನಗುವ ಇಮೋಜಿ ಸೇರಿಸಿ ಮುಗಿಸ್ತಿದ್ದೆ.

ಆ ಹೊತ್ತಿಗಾಗಲೇ ಸಹಿ ಹಾಕಿದ್ದೆ, ಸಂಕ್ರಾಂತಿಗೆ ಊರಿಗೆ ಹೋದಾಗ. ಮನಸ್ಸು ದೊಡ್ಡದು ಮಾಡಿ ಅಂತೇನಲ್ಲ. ಬೇಡ ಅನ್ನೋಕೆ ಹೇಳಬಹುದಾದ ಕಾರಣಗಳೆಲ್ಲ ಆ ಟೆರೇಸಿನಲ್ಲಿ ಖಾಲಿಯಾಗಿದ್ದವು. ಆ ಹತ್ತು ಗುಂಟೆಯೇ ಯಾಕೆ ಅಂತ ಒಂದು ಸಲ ಕೇಳಿದೆ, ಟೊಮೊಟೊ ಹೊಲದಲ್ಲಿ ಹಾಕಬಹುದಲ್ಲ? ಟೊಮೊಟೊ ಬೆಳೆದ ನೆಲದಲ್ಲಿ ಬೇರಿಗೆ ಗಂಟು ಕಟ್ಟೋ ಹುಳ ಕೂತಿರ್ತದೆ, ಮೆಣಸಿನಕಾಯಿಗೂ ಅದೇ ಬರ್ತದೆ, ರಾಗಿ ಬೆಳೆದ ನೆಲ ಚೊಕ್ಕ ಅಂದ. ನಾಲ್ಕು ತಿಂಗಳಲ್ಲಿ ನಾನು ಇದನ್ನು ಮೊದಲು ಕೇಳಬೇಕಿತ್ತು. ಅಪ್ಪ ಜಗಲಿ ಮೇಲೆ ಕೂತು ಕೇಳಿಸಿಕೊಳ್ತಿದ್ದ, ಏನೂ ಹೇಳಲಿಲ್ಲ. ಅವನಿಗೆ ತಾತ ನೆನಪಾಗಿರಬಹುದು, ನಾನು ಕೇಳಲಿಲ್ಲ.

ಪಾಲಿಹೌಸ್ ಜೂನಿನಲ್ಲಿ ಎದ್ದಿತು. ರೈಲಿನಿಂದ ಕಾಣುತ್ತಂತೆ. ಮೊದಲ ಸಸಿ ಹಾಕಿಯಾಗಿದೆ, ದಾರ ಕಟ್ಟುತ್ತಿದ್ದಾರೆ. ಸಬ್ಸಿಡಿ ಇನ್ನೂ ಬಂದಿಲ್ಲ.

ಈ ಆಗಸ್ಟಿನ ಮೊದಲ ವಾರ ಅಮ್ಮ ಫೋನ್ ಮಾಡಿದಳು. ಪಾಲಿಹೌಸಿನ ಆಚೆ ಬದುವಿನ ಮೇಲೆ ನಾಲ್ಕು ಸಾಲು ಅವರೆ ಹಾಕಿದೀನಿ, ನಿನ್ನ ತಮ್ಮ ಒಳಗಿನ ಕೆಲಸ ಬಿಟ್ಟು ಈ ಕಡೆ ತಿರುಗಿ ನೋಡಲ್ಲ, ಕಳೆ ಎದ್ದುಬಿಟ್ಟಿದೆ, ಶನಿವಾರ ಬಂದು ಕಿತ್ತುಕೊಡು ಅಂದಳು. ಬರ್ತೀನಿ ಅಂದೆ.

ಶನಿವಾರ ರಿಲೀಸ್ ಇತ್ತು. ಹೋಗಲಿಲ್ಲ.